ನಾಯಿಯ ಶುಗರ್ ಇಳಿಯದಿದ್ದರೆ ಡೋಸ್ ಮುಟ್ಟುವ ಮೊದಲು ಸಿರಿಂಜ್ ನೋಡಿ

ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚುತ್ತಿದ್ದೇವೆ, ಆದರೂ ಶುಗರ್ 400ರಿಂದ ಕೆಳಗೆ ಬರುತ್ತಿಲ್ಲ, ಡೋಸ್ ಜಾಸ್ತಿ ಮಾಡಿ ಎನ್ನುತ್ತಾ ಬರುವ ಮನೆಯವರಿಗೆ ಮೊದಲು ಹೇಳುವ ಮಾತು ಒಂದೇ: ನೀವು ಬಳಸುವ ಬಾಟಲಿ ಮತ್ತು ಸಿರಿಂಜ್ ತಂದು ತೋರಿಸಿ, ನನ್ನೆದುರೇ ಒಂದು ಡೋಸ್ ಎಳೆಯಿರಿ. ತೊಡಕು ಅಲ್ಲೇ ಸಿಕ್ಕಿಬಿಡುವುದು ಅಪರೂಪವಲ್ಲ.

ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಎನ್‌ಪಿಎಚ್ (ಹಾಲುಬಿಳಿ ಬಣ್ಣದ, ಮಧ್ಯಮ ಅವಧಿ ಕೆಲಸ ಮಾಡುವ) ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್‌ನದು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಡ್ಜ್ 100 ಯೂನಿಟ್‌ನದು. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ನಾಯಿಗೆ 8 ಯೂನಿಟ್ ಬರೆದಿದೆ ಎನ್ನಿ. 40ರ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜಿನಲ್ಲಿ 8ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 3.2 ಯೂನಿಟ್ ಮಾತ್ರ. ಉಲ್ಟಾ ಆದರೆ, ಅಂದರೆ 100ರದ್ದನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ, 20 ಯೂನಿಟ್! ಮೊದಲನೆಯದರಲ್ಲಿ ಶುಗರ್ ಇಳಿಯುವುದಿಲ್ಲ, ಎರಡನೆಯದರಲ್ಲಿ ನಾಯಿ ಉಳಿಯದೇ ಹೋಗಬಹುದು. ಅಂಗಡಿಯವರು ಕೊಟ್ಟಿದ್ದನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳದೆ ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಪ್ರತಿ ಸಲ ತಾಳೆ ನೋಡಿ.

ಇನ್ನು ಬಾಟಲಿ. ಎನ್‌ಪಿಎಚ್ ನಿಂತಲ್ಲೇ ತಳಕ್ಕೆ ಇಳಿಯುವ ಔಷಧಿ. ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಇಡೀ ದ್ರವ ಒಂದೇ ಸಮ ಹಾಲುಬಿಳಿ ಆದ ಮೇಲೆ ಎಳೆಯಬೇಕು. ಕುಲುಕಿದರೆ ಗುಳ್ಳೆ ಬರುತ್ತದೆ, ಗುಳ್ಳೆ ಇದ್ದಷ್ಟು ಡೋಸ್ ಕಡಿಮೆ. ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಫ್ರೀಜರ್‌ಗೆ ತಾಗಿಸಿ ಇಟ್ಟ ಬಾಟಲಿ ಹೆಪ್ಪುಗಟ್ಟುತ್ತದೆ; ಕರಗಿದ ಮೇಲೆ ನೋಡಲು ಸರಿಯಿದ್ದರೂ ಅದನ್ನು ಎಸೆಯಲೇಬೇಕು. ಬೇಕಾದದ್ದು 2ರಿಂದ 8 ಡಿಗ್ರಿ. ಮುಚ್ಚಳ ತೆಗೆದ ತಾರೀಖನ್ನು ಲೇಬಲ್ ಮೇಲೆ ಬರೆದಿಡಿ, ನಾಲ್ಕರಿಂದ ಆರು ವಾರದೊಳಗೆ ಹೊಸದು ತನ್ನಿ. ಸಣ್ಣ ನಾಯಿಗೆ ದಿನಕ್ಕೆ ಖರ್ಚಾಗುವುದೇ ನಾಲ್ಕೈದು ಯೂನಿಟ್, ಹಾಗಾಗಿ ಮುಗಿಯುವವರೆಗೂ ಅದನ್ನೇ ಬಳಸುವ ಮನಸ್ಸಾಗುತ್ತದೆ.

ಚುಚ್ಚುವಾಗ ಎತ್ತಿ ಹಿಡಿದ ಚರ್ಮದ ಆಚೆ ಬದಿಗೂ ಸೂಜಿ ತೂರಿ, ಔಷಧಿ ಕೂದಲಿಗೆ ಹೋಗುವುದುಂಟು. ಕೂದಲು ಒದ್ದೆಯಾಗಿದೆ, ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ ಎಂದಾದರೆ ಇನ್ನೊಮ್ಮೆ ಚುಚ್ಚಲೇಬೇಡಿ. ಒಂದು ಹೊತ್ತು ಶುಗರ್ ಏರಿದ್ದರೆ ಅಪಾಯವಿಲ್ಲ. ಎರಡು ಡೋಸ್ ಒಟ್ಟಿಗೆ ಒಳಗಿದ್ದರೆ ಇದೆ. ಕತ್ತಿನ ಹಿಂದಿನ ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಚರ್ಮ ಗಟ್ಟಿಯಾಗಿ ಔಷಧಿ ಸರಿಯಾಗಿ ಹೀರುವುದಿಲ್ಲ. ಎರಡೂ ಪಕ್ಕೆಗಳಲ್ಲಿ ಜಾಗ ಬದಲಿಸುತ್ತಿರಿ.

ಊಟ 12 ಗಂಟೆಗೊಮ್ಮೆ, ಎರಡೂ ಹೊತ್ತು ಅದೇ ಆಹಾರ, ಅಷ್ಟೇ ತೂಕ. ತಿಂದ ಮೇಲೆ ಇಂಜೆಕ್ಷನ್. ರಾಗಿ ಮುದ್ದೆಯೋ ಅನ್ನವೋ ಎಂಬ ಚರ್ಚೆಗಿಂತ ದಿನವೂ ಒಂದೇ ಅಳತೆ ಇರುವುದು ಮುಖ್ಯ. ಅಳತೆ ಕೆಡಿಸುವುದು ಅಜ್ಜಿ ಕಾಫಿಯ ಜೊತೆ ಕೊಡುವ ಬಿಸ್ಕತ್ತು. ಅದರ ಬದಲು 'ಶುಗರ್‌ಫ್ರೀ' ತಿಂಡಿ ಕೊಡುವವರಿದ್ದಾರೆ; ಅದರಲ್ಲಿ ಸಕ್ಕರೆಯ ಬದಲು ಹಾಕುವ ಕ್ಸೈಲಿಟಾಲ್ ಇದ್ದರೆ ನಾಯಿಗೆ ಅದು ವಿಷ, ಶುಗರ್ ದಿಢೀರ್ ಕುಸಿಯುತ್ತದೆ, ಲಿವರ್ ಕೂಡ ಕೆಡಬಹುದು. ನಾಯಿ ಅರ್ಧ ಮಾತ್ರ ತಿಂದರೆ ಪೂರ್ತಿ ಡೋಸ್ ಬೇಡ. ಆಗ ಎಷ್ಟು ಕೊಡಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿರಿ.

ಇದೆಲ್ಲ ಸರಿಯಿದ್ದೂ ಹೆಣ್ಣುನಾಯಿಯ ಶುಗರ್ ಇಳಿಯದಿದ್ದರೆ ಮುಂದಿನ ಪ್ರಶ್ನೆ: ಮರಿಯಾಗದಂತೆ ಆಪರೇಷನ್ ಆಗಿದೆಯೇ, ಕೊನೆಯ ಬೆದೆ ಯಾವಾಗ ಬಂದಿತ್ತು? ಬೆದೆ ಮುಗಿದ ಮೇಲೆ ಬಸಿರಾಗಲಿ ಬಿಡಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಿರುತ್ತದೆ. ನಾಯಿಗಳಲ್ಲಿ ಅದು ಸ್ತನಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುತ್ತದೆ, ಈ ಬೆಳವಣಿಗೆಯ ಹಾರ್ಮೋನು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಈ ಸ್ಥಿತಿಯಲ್ಲಿ ಯೂನಿಟ್ ಏರಿಸುತ್ತಾ ಹೋಗುವುದು ವ್ಯರ್ಥ. ನಾಯಿಯನ್ನು ಸ್ವಲ್ಪ ಸ್ಥಿರಪಡಿಸಿ ಬೇಗ ಗರ್ಭಕೋಶ, ಅಂಡಾಶಯ ತೆಗೆಸಬೇಕು. ತಡಮಾಡದಿದ್ದರೆ ಕೆಲವು ನಾಯಿಗಳಲ್ಲಿ ಸಕ್ಕರೆ ಕಾಯಿಲೆಯೇ ಹಿಂದೆ ಸರಿಯುತ್ತದೆ. ಶುಗರ್ ಇದೆ, ಗಾಯ ಮಾಯುವುದಿಲ್ಲ ಎಂದು ಆಪರೇಷನ್ ಮುಂದೂಡುವುದು ನನ್ನ ದೃಷ್ಟಿಯಲ್ಲಿ ತಪ್ಪು ಲೆಕ್ಕ. ಆಪರೇಷನ್ ಆದ ನಂತರ ಇನ್ಸುಲಿನ್ ಬೇಡಿಕೆ ತಟ್ಟನೆ ಇಳಿಯಬಹುದು, ಹಳೆಯ ಡೋಸ್ ಮುಂದುವರಿಸಿದರೆ ಅಪಾಯ.

ಬೆಳಗಿನ ಒಂದು ಅಂಕಿ ನೋಡಿ ಡೋಸ್ ನಿರ್ಧರಿಸಲು ಆಗದು. ಊಟ, ಇಂಜೆಕ್ಷನ್ ಆದ ಮೇಲೆ 2 ಗಂಟೆಗೊಮ್ಮೆ, 12 ಗಂಟೆಯ ತನಕ ಅಳೆಯಬೇಕು. ತೀರಾ ಕೆಳಗಿನ ಅಂಕಿ 80ರಿಂದ 150ರ ನಡುವೆ ಇದ್ದರೆ ಡೋಸ್ ಸರಿ. ಮಧ್ಯಾಹ್ನ 50ಕ್ಕೆ ಬಿದ್ದು, ದೇಹ ತನ್ನನ್ನು ಕಾಪಾಡಿಕೊಳ್ಳಲು ಸಕ್ಕರೆ ಸುರಿದು, ರಾತ್ರಿ 450 ಆಗಿರಬಹುದು. ರಾತ್ರಿಯದನ್ನು ಮಾತ್ರ ಕಂಡವರು ಡೋಸ್ ಏರಿಸುತ್ತಾರೆ, ಇಳಿಸಬೇಕಿತ್ತು. ಮನುಷ್ಯರ ಗ್ಲುಕೋಮೀಟರ್ ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದೂ ನೆನಪಿರಲಿ. ಒಮ್ಮೆ ಬದಲಿಸಿದ ಡೋಸ್ ಪರಿಣಾಮ ಕಾಣಲು ಐದರಿಂದ ಏಳು ದಿನ ಬೇಕು.

ಒಂದು ಡೋಸ್ ಕಿಲೋಗೆ 1.5 ಯೂನಿಟ್ ದಾಟಿಯೂ ಹಿಡಿತಕ್ಕೆ ಬರದಿದ್ದರೆ ಒಳಗೆ ಬೇರೆ ಕಾಯಿಲೆ ಹುಡುಕಬೇಕು: ಮೂತ್ರದ ಸೋಂಕು, ಹುಳುಕು ಹಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಕುಶಿಂಗ್ಸ್ (ದೇಹದಲ್ಲೇ ಸ್ಟಿರಾಯ್ಡ್ ಹಾರ್ಮೋನು ಅತಿಯಾಗುವ ಕಾಯಿಲೆ). ತುರಿಕೆಗೆಂದು ಎಲ್ಲೋ ಹಾಕಿಸಿದ ಸ್ಟಿರಾಯ್ಡ್ ಇಂಜೆಕ್ಷನ್ನನ್ನೂ ಮುಚ್ಚಿಡದೆ ಹೇಳಿ.

ನಾಯಿ ತೂರಾಡಿದರೆ, ನಡುಗಿದರೆ, ಮಂಕಾಗಿ ಗೋಡೆ ನೋಡುತ್ತ ನಿಂತರೆ ಶುಗರ್ ಬಿದ್ದಿದೆ ಎಂದೇ ತಿಳಿಯಿರಿ. ನುಂಗುವಷ್ಟು ಎಚ್ಚರವಿದ್ದರೆ ಊಟ ಕೊಡಿ. ಇಲ್ಲದಿದ್ದರೆ ಜೇನುತುಪ್ಪ ಅಥವಾ ಗ್ಲುಕೋಸ್ ಪುಡಿ ಕಲಸಿದ ನೀರನ್ನು ಬೆರಳಿನಿಂದ ಒಸಡಿಗೆ ಸವರುತ್ತಾ ಆಸ್ಪತ್ರೆಗೆ ಹೊರಡಿ. ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಫಿಟ್ಸ್ ಬರುತ್ತಿದ್ದರೆ ಬಾಯಿಯೊಳಗೆ ಬೆರಳು ಹಾಕಬೇಡಿ.

ಇದಕ್ಕೆ ವಿರುದ್ಧವಾಗಿ ಶುಗರ್ ಹೆಚ್ಚಿದ್ದು, ನಾಯಿ ಊಟ ಬಿಟ್ಟು ವಾಂತಿ ಮಾಡುತ್ತಾ ಸಪ್ಪಗೆ ಮಲಗಿದರೆ ಉಚ್ಚೆಯಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ವಸ್ತು) ಪತ್ತೆಹಚ್ಚುವ ಪಟ್ಟಿ ಅದ್ದಿ ನೋಡಿ. ಬಣ್ಣ ಬದಲಾದರೆ ಮನೆಯಲ್ಲಿ ಡೋಸ್ ಹೊಂದಿಸುವ ಪ್ರಯತ್ನ ಬಿಟ್ಟು ಅದೇ ದಿನ ಅಡ್ಮಿಟ್ ಮಾಡಿಸಿ; ಡ್ರಿಪ್, ಪೊಟ್ಯಾಸಿಯಂ ಮತ್ತು ಗಂಟೆಗಂಟೆಗೂ ಶುಗರ್ ನೋಡಿ ಕೊಡುವ ಬೇರೆ ಬಗೆಯ ಇನ್ಸುಲಿನ್ ಬೇಕಾಗುತ್ತದೆ.