‘ಎಂತಕ್ಕೆ ನಿಮಗೆ ಅದು?’: ಕಚೇರಿಯ ಕಡತ ನೋಡುವ ಹಕ್ಕು ಬಂದ ದಾರಿ

ಕಚೇರಿಯ ಮೇಜಿನ ಮುಂದೆ ನಿಂತು ‘ಸರ್, ಆ ಫೈಲ್ ಒಮ್ಮೆ ನೋಡಬೇಕಿತ್ತು’ ಅನ್ನಿ. ಇಲ್ಲ ಅನ್ನುವವರು ಕಡಿಮೆ. ಎದುರಿನವರು ಕನ್ನಡಕದ ಮೇಲಿನಿಂದ ನಿಮ್ಮನ್ನು ನೋಡಿ, ತೀರಾ ಮೆತ್ತಗೆ ಕೇಳುತ್ತಾರೆ: ‘ಎಂತಕ್ಕೆ ನಿಮಗೆ ಅದು?’ ಮಂಗಳೂರು, ಉಡುಪಿ ಕಡೆಯಲ್ಲಾದರೆ ಕೊನೆಗೊಂದು ‘ಮಾರಾಯ್ರೆ’ ಸೇರುತ್ತದೆ. ಕೇಳಿದವರು ಅಲ್ಲಿಗೇ ತಡವರಿಸುತ್ತಾರೆ. ಕಾರಣ ಹೇಳಬೇಕೋ ಬೇಡವೋ ಎಂದು ಗೊತ್ತಿರುವುದಿಲ್ಲ. ಹೇಳಿದರೆ ಯಾರ ಕಿವಿಗೆ ಮುಟ್ಟುತ್ತದೋ ಎಂಬ ಅಂಜಿಕೆ ಬೇರೆ. ಈ ಒಂದು ಪ್ರಶ್ನೆಯನ್ನು ಕಾನೂನು ಅಳಿಸಿ ಹಾಕಲು ಬಹಳ ವರ್ಷ ಬೇಕಾಯಿತು.

ಫೈಲಿಗೆ ನಾವು ಕಡತ ಅನ್ನುತ್ತೇವಲ್ಲ, ಅದು ಮೊದಲು ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸ ಬರೆಯುವವರು ಈಗಲೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಊರಿನ ಭೂಮಿ, ತೀರ್ವೆ, ಬಾಕಿ ಎಲ್ಲದರ ಲೆಕ್ಕ ಶ್ಯಾನುಭೋಗರ ಕೈಯಲ್ಲಿತ್ತು. ಆ ಹುದ್ದೆ ಅಪ್ಪನಿಂದ ಮಗನಿಗೆ ಹೋಗುತ್ತಿದ್ದುದರಿಂದ ಲೆಕ್ಕವೂ ಮನೆತನದ ಸೊತ್ತಿನ ಹಾಗೇ ಆಗಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದದ್ದು 1961ರ ಕಾಯ್ದೆ. ಅಲ್ಲಿಯ ತನಕ ತನ್ನ ಜಾಗದ ಲೆಕ್ಕ ನೋಡಬೇಕಾದವನು ಬಾಳೆಗೊನೆ ಹಿಡಿದು ಶ್ಯಾನುಭೋಗರ ಜಗಲಿಗೆ ಹೋಗುತ್ತಿದ್ದ ಎಂದು ನಮ್ಮ ಹಿರಿಯರು ಹೇಳುವುದುಂಟು. ಈಗ ಬಾಳೆಗೊನೆಯ ಜಾಗಕ್ಕೆ ಏನು ಬಂದಿದೆ ಎಂಬುದು ಬೇರೆ ಮಾತು.

ಮಂಗಳೂರಿಗೆ ಪುರಸಭೆ ಬಂದದ್ದು 1866ರಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಉಡುಪಿಯೂ ಅದರೊಳಗೇ ಇತ್ತು. ಮನೆ ತೆರಿಗೆ ಕೊಡುವವರು ಊರವರು, ಲೆಕ್ಕ ನೋಡುವವರು ಮೇಲಧಿಕಾರಿಗಳು. ಆರು ವರ್ಷದ ಬಳಿಕ, 1872ರಲ್ಲಿ, ಸಾಕ್ಷ್ಯ ಕಾಯ್ದೆ ಬಂತು. ಅದರ 76ನೇ ಕಲಂ ಸ್ವಲ್ಪ ತಮಾಷೆಯದ್ದು. ಸಾರ್ವಜನಿಕ ದಾಖಲೆಯನ್ನು ನೋಡುವ ಹಕ್ಕು ಯಾರಿಗಿದೆಯೋ ಅವರು ಶುಲ್ಕ ಕಟ್ಟಿ ಕೇಳಿದರೆ ಅಧಿಕಾರಿ ನಕಲು ಕೊಡಲೇಬೇಕು ಎಂದಿತು. ಸರಿ, ನೋಡುವ ಹಕ್ಕು ಯಾರಿಗಿದೆ? ಅದನ್ನು ಆ ಕಲಂ ಹೇಳಲಿಲ್ಲ. ಬೀಗದ ಕೈ ಇದ್ದವರು ಒಳಗೆ ಬರಬಹುದು ಅಂದ ಹಾಗಾಯಿತು. ‘ನಿಮಗೂ ಈ ಫೈಲಿಗೂ ಎಂತ ಸಂಬಂಧ?’ ಎಂಬ ಪ್ರಶ್ನೆಗೆ ಕಾನೂನಿನ ಬಲ ಸಿಕ್ಕಿದ್ದು ಹೀಗೆ. 1923ರಲ್ಲಿ ಅಧಿಕೃತ ರಹಸ್ಯಗಳ ಕಾಯ್ದೆಯೂ ಬಂತು. ಅದು ಬೇಹುಗಾರರಿಗೆಂದು ಮಾಡಿದ್ದು. ಆದರೆ ಮುಚ್ಚಿಡುವುದೇ ಸರಿಯಾದ ಕ್ರಮ ಎಂಬ ಅಭ್ಯಾಸ ಪಂಚಾಯತ್ ಕಪಾಟಿನವರೆಗೂ ಇಳಿಯಿತು.

ಸ್ವಾತಂತ್ರ್ಯ ಬಂದರೂ ಈ ಅಭ್ಯಾಸ ಹೋಗಲಿಲ್ಲ. 1975ರಲ್ಲಿ ರಾಜ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರು, ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಕೆಲಸವನ್ನೆಲ್ಲ ತಿಳಿಯುವ ಹಕ್ಕು ಈ ದೇಶದ ಜನರಿಗಿದೆ ಎಂದು ಬರೆದರು. ದೊಡ್ಡ ಮಾತು. ಆದರೆ ಸುಪ್ರೀಂ ಕೋರ್ಟಿನ ತೀರ್ಪು ಹಿಡಿದುಕೊಂಡು ಗ್ರಾಮ ಪಂಚಾಯತಿಗೆ ಹೋಗಿ ಚರಂಡಿಯ ಬಿಲ್ ತೋರಿಸಿ ಅನ್ನಲಿಕ್ಕೆ ಆಗುತ್ತದಾ?

ಅದನ್ನು ಆಗಿಸಿದವರು ರಾಜಸ್ಥಾನದ ಕೂಲಿಕಾರರು. ಬರಗಾಲದ ಕಾಮಗಾರಿಯಲ್ಲಿ ದುಡಿದರೂ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ ‘ನೀವು ಅಷ್ಟು ಕೆಲಸವೇ ಮಾಡಿಲ್ಲ, ದಾಖಲೆಯಲ್ಲಿ ಹಾಗೇ ಇದೆ’ ಎಂಬ ಉತ್ತರ. ಹಾಗಾದರೆ ಆ ದಾಖಲೆ ತೋರಿಸಿ ಅಂದರು. ಸಾಮಾಜಿಕ ಕಾರ್ಯಕರ್ತೆ ಅರುಣಾ ರಾಯ್ ಮತ್ತು ಅವರ ಜೊತೆಗಾರರು 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಹಳ್ಳಿಗಳಲ್ಲಿ ಹಾಜರಿ ಪಟ್ಟಿಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿತು. ಕೆಲಸಕ್ಕೇ ಬಾರದವರ ಹೆಸರೂ ಪಟ್ಟಿಯಲ್ಲಿತ್ತು. 1996ರ ಏಪ್ರಿಲ್ 6ರಂದು ಬ್ಯಾವರ್ ಪೇಟೆಯಲ್ಲಿ ಧರಣಿ ಶುರುವಾಯಿತು, 40 ದಿನ ನಡೆಯಿತು. ‘ಬೇಕಾದರೆ ನೋಡಿ, ಬರೆದುಕೊಳ್ಳಿ, ನಕಲು ಮಾತ್ರ ಇಲ್ಲ’ ಎಂದು ಸರಕಾರ ಅರ್ಧ ಬಾಗಿಲು ತೆರೆದಿತ್ತು. ಅವರು ಒಪ್ಪಲಿಲ್ಲ. ಬರಿಗಣ್ಣಲ್ಲಿ ನೋಡಿದ್ದನ್ನು ನಾಳೆ ಸಾಬೀತು ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 1997ರಲ್ಲಿ ತಮಿಳುನಾಡು, ಗೋವಾ ಮಾಹಿತಿ ಹಕ್ಕಿನ ಕಾಯ್ದೆ ಮಾಡಿದವು. ಕರ್ನಾಟಕ 2000ದಲ್ಲಿ ಮಾಡಿತು, ನಿಯಮಗಳು ಬರುವಾಗ 2002 ಆಗಿತ್ತು. ಕೇಂದ್ರದ 2002ರ ಕಾಯ್ದೆ ಜಾರಿಯಾಗಲೇ ಇಲ್ಲ. ಕೊನೆಗೆ 2005ರ ಅಕ್ಟೋಬರ್ 12ರಿಂದ ಈಗಿನ ಮಾಹಿತಿ ಹಕ್ಕು ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂತು. ಅದರ 6(2)ನೇ ಕಲಂ ಒಂದೇ ವಾಕ್ಯದ್ದು: ಅರ್ಜಿದಾರ ಕಾರಣ ಕೊಡಬೇಕಾಗಿಲ್ಲ. ನನ್ನ ಮಟ್ಟಿಗೆ ಇಡೀ ಕಾಯ್ದೆಯ ಜೀವ ಇರುವುದು ಅಲ್ಲಿ. ‘ಎಂತಕ್ಕೆ ನಿಮಗೆ ಅದು?’ ಎಂದು ಅಧಿಕಾರಿ ಕೇಳುವಂತಿಲ್ಲ. ಕೇಳಿದರೂ ನೀವು ಹೇಳಬೇಕಾಗಿಲ್ಲ.

10 ರೂಪಾಯಿ ಶುಲ್ಕ, ನಕಲಿಗೆ ಪುಟಕ್ಕೆ 2 ರೂಪಾಯಿ, 30 ದಿನದೊಳಗೆ ಉತ್ತರ. ತಡ ಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ. ಇಷ್ಟು ಈಗ ಬಹಳ ಜನರಿಗೆ ಗೊತ್ತು. 2008ರಲ್ಲಿ ಕರ್ನಾಟಕ ಇನ್ನೊಂದು ಗಂಟು ಹಾಕಿತು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಮ್ಮೂರಲ್ಲಿ ಒಂದು ತೋಡಿನ, ಅಂದರೆ ಸಣ್ಣ ಹಳ್ಳದ, ಕಥೆ ಶುರು ಮಾಡಲಿಕ್ಕೇ 150 ಪದ ಬೇಕು! ಮೇಲ್ಮನವಿಯ ಕೊನೆಯ ಮೆಟ್ಟಿಲಾದ ಮಾಹಿತಿ ಆಯೋಗ ಇರುವುದು ಘಟ್ಟದ ಮೇಲೆ, ಬೆಂಗಳೂರಿನಲ್ಲಿ.

ಜಾಸ್ತಿ ಜನರಿಗೆ ಗೊತ್ತಿಲ್ಲದ್ದು 2(ಜೆ) ಕಲಂ. ಮಾಹಿತಿ ಹಕ್ಕು ಅಂದರೆ ಬರೀ ಜೆರಾಕ್ಸ್ ಅಲ್ಲ. ಕಡತವನ್ನು ಎದುರಿಗಿಟ್ಟು ನೋಡಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು. ಕಾಮಗಾರಿಯನ್ನೇ ಪರಿಶೀಲಿಸಬಹುದು. ರಸ್ತೆಗೆ ಹಾಕಿದ ಕಾಂಕ್ರೀಟಿನ ದೃಢೀಕೃತ ಮಾದರಿಯನ್ನೂ ಕೇಳಬಹುದು. ಪಂಚಾಯತ್ ಮಟ್ಟದಲ್ಲಿ ಇದಕ್ಕೆ ಅರ್ಜಿಯೂ ಬೇಡದ ಒಂದು ದಿನವಿದೆ, ಜಮಾಬಂದಿ. ಹಿಂದೆ ಜಮಾಬಂದಿ ಅಂದರೆ ಊರಿನ ಲೆಕ್ಕಿಗರು ಕಂದಾಯದ ಲೆಕ್ಕ ಹೊತ್ತು ಸಾಹೇಬರ ಮುಂದೆ ನಿಲ್ಲುವುದು. ಈಗ ಪಂಚಾಯತ್ ತನ್ನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಊರವರ ಮುಂದೆ ಇಡುವುದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ. ನಮ್ಮ ಕರಾವಳಿಯಲ್ಲಿ ಅದು ತುಳು ಪಂಚಾಂಗದ ಆಟಿ ಮುಗಿದು ಸೋಣ ತಿಂಗಳು ಹಿಡಿಯುವ ಹೊತ್ತು. ಮಳೆ, ಅಷ್ಟಮಿ, ಚೌತಿ. ಲೆಕ್ಕ ನೋಡಲು ಬರುವವರು ಎಷ್ಟು ಜನ ಇರಬಹುದು, ನೀವೇ ಹೇಳಿ.

ನಾನೂ ಒಮ್ಮೆ ಕಡತ ನೋಡಿದ್ದೇನೆ. ಮನೆ ಹತ್ತಿರದ ತೋಡಿಗೆ ತಡೆಗೋಡೆ ಕಟ್ಟಿದ್ದರು. ನಕಲು ತರಿಸಿದೆ. ಅಂದಾಜು ಪಟ್ಟಿಯಲ್ಲಿ 60 ಮೀಟರ್ ಇತ್ತು. ಟೇಪ್ ಹಿಡಿದು ಅಳೆದರೆ ಗೋಡೆ 42 ಮೀಟರ್ ಮಾತ್ರ. ಸಿಕ್ಕಿಬಿದ್ದರು ಅಂದುಕೊಂಡು ಈ ಸಲ ವೀಕ್ಷಣೆಗೆಂದೇ ಅರ್ಜಿ ಹಾಕಿದೆ. ಕಚೇರಿಯ ಹೆಸರು ಬೇಡ. ಫೈಲ್ ಬಂತು. ಒಂದು ಬದಿಗೆ ಪತ್ರಗಳು, ಇನ್ನೊಂದು ಬದಿಗೆ ಟಿಪ್ಪಣಿ ಹಾಳೆಗಳು. ಮೊದಲ ಸಲ ನನಗೆ ಕೊಟ್ಟಿದ್ದ ನಕಲಿನಲ್ಲಿ ಟಿಪ್ಪಣಿ ಹಾಳೆ ಒಂದೂ ಇರಲಿಲ್ಲ. ಹಸಿರು ಶಾಯಿಯ ಸಹಿ, ಅದರ ಕೆಳಗೆ ನೀಲಿ ಶಾಯಿಯಲ್ಲಿ ‘ಸ್ಥಳ ಪರಿಶೀಲಿಸಿ ವರದಿ ಕೊಡಿ’. ಮುಂದಿನ ಹಾಳೆಯಲ್ಲಿ ಇಂಜಿನಿಯರ್ ಬರೆದಿದ್ದರು: ಕೊನೆಯ ಭಾಗದಲ್ಲಿ ಪಕ್ಕದ ಜಾಗದವರ ಗಡಿ ತಕರಾರು ಇದೆ, ಅಲ್ಲಿಗೆ ನಿಲ್ಲಿಸಲಾಗಿದೆ. ಅಳತೆ ಪುಸ್ತಕ, ಅಂದರೆ ಎಂ.ಬಿ., ತರಿಸಿ ನೋಡಿದೆ. 42 ಮೀಟರಿಗೇ ಬಿಲ್ ಆಗಿತ್ತು.

ನನ್ನ ಸಂಶಯ ಸುಳ್ಳಾಯಿತು. ಸ್ವಲ್ಪ ನಾಚಿಕೆಯೂ ಆಯಿತು. ‘ಮೊದಲೇ ಕೇಳಿದ್ದರೆ ಹೇಳುತ್ತಿದ್ದೆವಲ್ಲ ಮಾರಾಯ್ರೆ’ ಅಂದರು ಮೇಜಿನವರು. ಮೊದಲೇ ಕೇಳಿದ್ದೆ. ಆಗ ಅವರು ‘ಎಂತಕ್ಕೆ’ ಅಂದಿದ್ದರು.

ಈಗ ಆ ಪ್ರಶ್ನೆಯ ಜಾಗಕ್ಕೆ ಇನ್ನೊಂದು ಉತ್ತರ ಬರುತ್ತಿದೆ: ‘ಅದರಲ್ಲಿ ಬೇರೆಯವರ ಹೆಸರುಂಟು.’ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಯ ಬಗ್ಗೆ ಹೇಳುವ 8(1)(ಜೆ) ಕಲಂ ಮೊದಲು ಉದ್ದವಾಗಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ್ದು ಅಥವಾ ಸುಮ್ನೆ ಒಬ್ಬರ ಖಾಸಗಿ ಬದುಕಿಗೆ ಕೈ ಹಾಕುವಂಥದ್ದನ್ನು ಮಾತ್ರ ಕೊಡದೆ ಇರಬಹುದಿತ್ತು. ಸಂಸತ್ತಿಗೆ ಇಲ್ಲ ಅನ್ನಲಾಗದ್ದನ್ನು ಜನರಿಗೂ ಇಲ್ಲ ಅನ್ನುವಂತಿರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನೆಲ್ಲ ತೆಗೆದು, ವೈಯಕ್ತಿಕ ಮಾಹಿತಿ ಎಂಬಷ್ಟನ್ನೇ ಉಳಿಸಿತು. ಅಂದರೆ ವೈಯಕ್ತಿಕ ಮಾಹಿತಿ ಆದರೆ ಸಾಕು, ಕೊಡದೆ ಇರಬಹುದು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎಂಬ 8(2) ಇನ್ನೂ ಇದೆ. ಆದರೆ ಆ ಹಿತವನ್ನು ತೋರಿಸಬೇಕಾದರೆ ಅರ್ಜಿದಾರ ತನಗೆ ಎಂತಕ್ಕೆ ಬೇಕು ಎಂದು ಹೇಳಲೇಬೇಕಾಗುತ್ತದೆ.

ಸ್ಥಳೀಯ ಆಡಳಿತದ ಕಾಗದದಲ್ಲಿ ಹೆಸರಿಲ್ಲದ ಹಾಳೆ ಅಪರೂಪ. ಮನೆ ಕಟ್ಟುವ ಪರವಾನಿಗೆ, ಪಂಚಾಯತಿನ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11, ಆಶ್ರಯ ಮನೆಯ ಪಟ್ಟಿ, ಎಲ್ಲದರಲ್ಲೂ ಯಾರದ್ದಾದರೂ ಹೆಸರು ಇದ್ದೇ ಇರುತ್ತದೆ. ನಮ್ಮ ತೋಡಿನ ಫೈಲಿನಲ್ಲಿ ಗೋಡೆ ಯಾಕೆ 42 ಮೀಟರಿಗೆ ನಿಂತಿತು ಎಂದು ಹೇಳುತ್ತಿದ್ದುದು ಒಂದು ತಕರಾರು ಅರ್ಜಿ. ಅದರ ಮೊದಲ ಸಾಲಿನಲ್ಲೇ ಪಕ್ಕದ ಜಾಗದವರ ಹೆಸರು, ತಂದೆಯ ಹೆಸರು, ಸರ್ವೆ ನಂಬರ್ ಇತ್ತು.