ದಾಲ್ಚಿನ್ನಿ ಎಲೆಯ ಎಣ್ಣೆ: ಲವಂಗದ ವಾಸನೆ ಯಾಕೆ, ಹನಿ ಎಷ್ಟು?

ನಮ್ಮ ಮನೆಯ ಹಿತ್ತಲಲ್ಲಿ, ಬಾವಿಯ ಪಕ್ಕ, ಒಂದು ದಾಲ್ಚಿನ್ನಿ ಮರ ಉಂಟು. ಉಡುಪಿ ಕಡೆ ಇದೇನು ಅಪರೂಪವಲ್ಲ. ಚಕ್ಕೆ ಸುಲಿಯುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇಲ್ಲ, ಪಲಾವ್ ಮಾಡುವ ದಿನ ಎರಡು ಎಲೆ ಕಿತ್ತು ಹಾಕುವುದಷ್ಟೇ. ನಿಮಗೂ ಮರ ಸಿಕ್ಕಿದರೆ ಒಂದು ಎಲೆ ಹಿಸುಕಿ ಮೂಸಿ ನೋಡಿ. ದಾಲ್ಚಿನ್ನಿಗಿಂತ ಲವಂಗದ ವಾಸನೆ ಜಾಸ್ತಿ, ಅಲ್ವಾ? ಈ ಟಿಪ್ಪಣಿಯ ಅರ್ಧ ವಿಷಯ ಆ ವಾಸನೆಯಲ್ಲೇ ಉಂಟು.

ಮರ ಒಂದೇ, ಆದರೆ ಭಾಗಕ್ಕೊಂದು ಎಣ್ಣೆ. ಚಕ್ಕೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಬರುವ ಎಣ್ಣೆಯಲ್ಲಿ ಮುಖ್ಯವಾಗಿ ಸಿನ್ನಮಾಲ್ಡಿಹೈಡ್ ಇರುತ್ತದೆ. ನಾವು ದಾಲ್ಚಿನ್ನಿ ಪರಿಮಳ ಅನ್ನುವುದು ಅದನ್ನೇ. ಎಲೆಯ ಎಣ್ಣೆಯಲ್ಲಿ ಹೆಚ್ಚಿನ ಪಾಲು ಯೂಜೆನಾಲ್, ಸಾಮಾನ್ಯವಾಗಿ ಶೇಕಡಾ 70ರಿಂದ 85. ಬೇರಿನ ತೊಗಟೆಗೆ ಬಂದರೆ ಕರ್ಪೂರ! ಲವಂಗದ ಎಣ್ಣೆಯಲ್ಲೂ ಯೂಜೆನಾಲೇ ಮುಖ್ಯ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿಯುವ ವಾಸನೆಯೂ ಅದರದ್ದೇ, ಝಿಂಕ್ ಆಕ್ಸೈಡ್ ಜೊತೆ ಕಲಸಿ ಹುಳುಕು ಹಲ್ಲಿನ ತೂತಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ. ದಾಲ್ಚಿನ್ನಿಗೆ ಕನ್ನಡದಲ್ಲಿ ಲವಂಗಪಟ್ಟೆ ಅಂತಲೂ ಹೆಸರು ಉಂಟಲ್ಲ, ಅದನ್ನು ಇಟ್ಟವರು ಎಲೆ ಮೂಸಿಯೇ ಇಟ್ಟಿರಬೇಕು. ಇದು ನನ್ನ ಸ್ವಂತ ಊಹೆ, ಪರೀಕ್ಷೆಯಲ್ಲಿ ಬರೆಯಬೇಡಿ.

ಹಾಗಾಗಿ ಬಾಟಲಿ ಕೊಳ್ಳುವಾಗ ಬರೀ ‘ಸಿನಮನ್ ಆಯಿಲ್’ ಅಂತ ಇದ್ದರೆ ಸಾಲದು. ನಮ್ಮ ದಾಲ್ಚಿನ್ನಿ ಮರದ ವೈಜ್ಞಾನಿಕ ಹೆಸರು ಸಿನ್ನಮೋಮಮ್ ವೇರಮ್ (ಹಳೆ ಹೆಸರು ಝೈಲಾನಿಕಮ್) ಅಂತ ಇರಬೇಕು, ಜೊತೆಗೆ ‘ಲೀಫ್’ ಅಂತಲೂ ಇರಬೇಕು. ದಾಲ್ಚಿನ್ನಿಯ ಹೆಸರಲ್ಲೇ ಮಾರಾಟವಾಗುವ ಕ್ಯಾಸಿಯಾ ಬೇರೆ ಮರ, ಅದರ ಎಲೆಯ ಎಣ್ಣೆಯಲ್ಲೂ ಸಿನ್ನಮಾಲ್ಡಿಹೈಡ್ ಜಾಸ್ತಿ.

ಈಗ ಲೆಕ್ಕ. ಚರ್ಮಕ್ಕೆ ಹಚ್ಚುವುದಾದರೆ ಸುರಕ್ಷತೆಯ ಪುಸ್ತಕಗಳು ಎಲೆಯ ಎಣ್ಣೆಗೆ ಕೊಡುವ ಮೇಲ್ಮಿತಿ ಶೇಕಡಾ 0.6, ಚಕ್ಕೆಯ ಎಣ್ಣೆಗೆ 0.07 ಮಾತ್ರ. ಅಂದರೆ 100 ಮಿಲಿ ತೆಂಗಿನೆಣ್ಣೆಗೆ ಎಲೆಯ ಎಣ್ಣೆ 0.6 ಮಿಲಿ. ಒಂದು ಮಿಲಿಗೆ ಸುಮಾರು 20 ಹನಿ ಅಂತ ಹಿಡಿದರೆ 12 ಹನಿ, 30 ಮಿಲಿಯ ಸಣ್ಣ ಬಾಟಲಿಗೆ ಮೂರೂವರೆ. ಡ್ರಾಪರ್ ದಪ್ಪ ಇದ್ದರೆ ಹನಿಯೂ ದಪ್ಪ, ಅದಕ್ಕೇ ನಾನು 30 ಮಿಲಿಗೆ ಎರಡೇ ಹಾಕುವುದು. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ. ಹಚ್ಚಿದ ಕೂಡಲೇ ಏನೂ ಆಗದೆ ಮರುದಿನ ತುರಿಕೆ ಬರುವುದುಂಟು. ಒಮ್ಮೆ ಯೂಜೆನಾಲ್‌ಗೆ ಅಲರ್ಜಿ ಶುರುವಾದರೆ ಅದು ಸುಮ್ನೆ ಹೋಗುವುದಿಲ್ಲ, ಆಮೇಲೆ ಲವಂಗದ ಎಣ್ಣೆ, ಕೆಲವು ಸೆಂಟು ಕೂಡ ಆಗಿಬರುವುದಿಲ್ಲ. ಮುಖಕ್ಕೆ, ಗಾಯಕ್ಕೆ ಬೇಡವೇ ಬೇಡ.

ನಾನು ಈ ಜಾಗ್ರತೆ ಕಲಿತದ್ದು ಬಚ್ಚಲಲ್ಲಿ. ಆಟಿ ತಿಂಗಳ ಮಳೆ, ಮೈಕೈ ನೋವು, ಬಿಸಿನೀರಿನ ಬಾಲ್ದಿಗೆ ನಾಲ್ಕು ಹನಿ ಬಿಟ್ಟೆ. ಎಣ್ಣೆ ನೀರಿನ ಮೇಲೆ ತೇಲುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ ನೋಡಿ, ಆದರೆ ಈ ಎಣ್ಣೆ ನೀರಿಗಿಂತ ಭಾರ, ಸಾಂದ್ರತೆ ಸುಮಾರು 1.04. ಕರಗುವುದೂ ಇಲ್ಲ, ಅಡಿಗೆ ಹೋಗಿ ಕೂರುತ್ತದೆ. ಎಲ್ಲ ಚೊಂಬೂ ಸುಖವಾಗಿ ಮುಗಿದು, ಬಾಲ್ದಿ ಬಗ್ಗಿಸಿ ಕೊನೆಯದ್ದನ್ನು ಬೆನ್ನಿಗೆ ಹೊಯ್ದುಕೊಂಡೆ. ಮೆಣಸಿನ ಹುಡಿ ತಿಕ್ಕಿದ ಹಾಗೆ ಉರಿ! ಮತ್ತೆ ನೀರು ಹೊಯ್ದರೂ ಹೋಗಲಿಲ್ಲ. "ಎಂತ ಮಾರಾಯ್ತಿ ನಿನ್ನ ಪ್ರಯೋಗ" ಅಂತ ಅಮ್ಮ ಬೈಯುತ್ತಲೇ ತೆಂಗಿನೆಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿದರು, ಆಮೇಲೆ ಸಾಬೂನು. ಅದೇ ಸರಿಯಾದ ಕ್ರಮ: ಮೊದಲು ಅಡುಗೆ ಎಣ್ಣೆಯಿಂದ ಒರೆಸಿ ತೆಗೆಯಬೇಕು, ನಂತರ ಸಾಬೂನು ನೀರು. ಕಣ್ಣಿಗೆ ಬಿದ್ದರೆ ಮಾತ್ರ ಎಣ್ಣೆ ಬೇಡ, ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ.

ಮಳೆಗಾಲದಲ್ಲಿ ನಮ್ಮ ಕಪಾಟುಗಳಿಗೆ ಬರುವ ಮುಗ್ಗುಲು ವಾಸನೆಗೆ ಇದು ಒಳ್ಳೆಯದು. ಹತ್ತಿ ಉಂಡೆಗೆ ಎರಡು ಹನಿ ಹಾಕಿ ಸಣ್ಣ ಗಾಜಿನ ಲೋಟದಲ್ಲಿಟ್ಟು ಮೂಲೆಯಲ್ಲಿ ಇಡಿ. ಸೀರೆಗೆ ತಾಗಿದರೆ ಕಲೆ ಆಗುತ್ತದೆ. ವಾಸನೆ ಮುಚ್ಚುತ್ತದೆ, ಗೋಡೆಯ ತೇವ ಹೋಗುವುದಿಲ್ಲ. ಡಿಫ್ಯೂಸರ್‌ಗೆ (ಕೋಣೆಯಲ್ಲಿ ಪರಿಮಳ ಹರಡುವ ಸಾಧನ) ಎರಡು ಮೂರು ಹನಿ, ಅರ್ಧ ಗಂಟೆ, ಕಿಟಕಿ ಸ್ವಲ್ಪ ತೆರೆದು. ದಮ್ಮು ಇರುವವರು, ಬಸುರಿಯರು, ಸಣ್ಣ ಮಕ್ಕಳು ಇರುವ ಕೋಣೆಯಲ್ಲಿ ಡಿಫ್ಯೂಸರ್ ಇಡುವುದು ಬೇಡ. ಬೆಕ್ಕಿದ್ದರೆ ಇನ್ನೂ ಜಾಗ್ರತೆ, ಯೂಜೆನಾಲ್‌ನಂಥ ಫೀನಾಲ್ ಜಾತಿಯ ವಸ್ತುಗಳನ್ನು ಅದರ ಲಿವರ್‌ಗೆ ಸರಿಯಾಗಿ ಹೊರಹಾಕಲು ಆಗುವುದಿಲ್ಲ.

ಸೊಳ್ಳೆಯ ವಿಷಯ. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ, ಹಾಗಾಗಿ ‘ದಾಲ್ಚಿನ್ನಿ ಎಲೆಯ ಎಣ್ಣೆ ಸೊಳ್ಳೆ ಮರಿಗಳನ್ನು ಕೊಲ್ಲುತ್ತದೆ’ ಅಂತ ಓದಿ ನನಗೂ ಖುಷಿಯಾಗಿತ್ತು. 2004ರಲ್ಲಿ ತೈವಾನಿನವರು ಮಾಡಿದ ಅಧ್ಯಯನ ಅದು. ಆದರೆ ಅವರ ಮರ ಸಿನ್ನಮೋಮಮ್ ಆಸ್ಮೋಫ್ಲೋಯಮ್, ಪರಿಣಾಮ ಚೆನ್ನಾಗಿ ಕಂಡ ಎಣ್ಣೆ ಸಿನ್ನಮಾಲ್ಡಿಹೈಡ್ ತುಂಬಿದ್ದು. ನಮ್ಮ ಬಾಟಲಿಯಲ್ಲಿರುವುದು ಯೂಜೆನಾಲ್. ಆ ಪರೀಕ್ಷೆಯೂ ನೀರಿನಲ್ಲಿರುವ ಮರಿಗಳ ಮೇಲೆ, ನಮ್ಮ ಕಾಲಿಗೆ ಕಚ್ಚುವ ಸೊಳ್ಳೆಯ ಮೇಲಲ್ಲ. ಸೊಳ್ಳೆಪರದೆ ಬಿಚ್ಚಬೇಡಿ ಮಾರಾಯ್ರೆ, ಚಿಪ್ಪಿನಲ್ಲಿ ನಿಂತ ನೀರು ಚೆಲ್ಲಿ.

ಕುಡಿಯುವುದು ಬೇಡ. ಸಾರಿಗೆ ಚಕ್ಕೆ ಹಾಕುತ್ತೇವಲ್ಲ, ಒಂದು ಹನಿ ಎಣ್ಣೆಯಲ್ಲಿ ಏನಿದೆ ಅನ್ನುತ್ತಾರೆ. ಚಕ್ಕೆ ಬೇರೆ, ರಾಶಿ ಎಲೆಗಳ ಸಾರವೆಲ್ಲ ಒಟ್ಟಾದ ಎಣ್ಣೆ ಬೇರೆ. 1993ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ ಎರಡು ವರ್ಷದ ಮಗು 5ರಿಂದ 10 ಮಿಲಿ ಲವಂಗದ ಎಣ್ಣೆ ಕುಡಿದು ಕೋಮಾಕ್ಕೆ ಹೋಗಿತ್ತು, ಲಿವರ್‌ಗೂ ಪೆಟ್ಟಾಗಿತ್ತು. ಯೂಜೆನಾಲ್ ಅಲ್ಲೂ ಇಲ್ಲೂ ಒಂದೇ. ಮಗು ಕುಡಿದದ್ದು ಗೊತ್ತಾದರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋಗಬಹುದು. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಯೂಜೆನಾಲ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲದು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ಅಥವಾ ಆಸ್ಪಿರಿನ್ ತಿನ್ನುವವರು, ಆಪರೇಷನ್ ಇರುವವರು ಮೈಗೆ ಹಚ್ಚುವ ಮೊದಲೂ ಡಾಕ್ಟರನ್ನು ಕೇಳಿ.

ಸಾಬೂನು ಮಾಡಲು ಕಲಿಯುತ್ತಿರುವವರಿಗೆ ಒಂದು ಮಾತು: ಯೂಜೆನಾಲ್ ಕಾಸ್ಟಿಕ್ ಮಿಶ್ರಣವನ್ನು ಬೇಗ ಗಟ್ಟಿ ಮಾಡುತ್ತದೆ. ಅಚ್ಚು ತಯಾರಿಟ್ಟುಕೊಂಡೇ ಕೊನೆಗೆ ಸೇರಿಸಿ. ನನ್ನದು ಪಾತ್ರೆಯಲ್ಲೇ ಕಲ್ಲಾಗಿ, ದೋಸೆ ಸಟ್ಟುಗದಲ್ಲಿ ಕೆರೆದು ತೆಗೆಯಬೇಕಾಯಿತು. ಸಟ್ಟುಗ ಹೊಸದು ತಂದುಕೊಟ್ಟೆ, ಅಮ್ಮನ ಸಿಟ್ಟು ಇನ್ನೂ ಇಳಿದಿಲ್ಲ.