ಕ್ರೈಸ್ತ ಧರ್ಮದ ಉಗಮ: ಪೌಲನ ಪತ್ರಗಳಿಂದ ಓದು ಆರಂಭಿಸುವುದು ಏಕೆ?

ಕ್ರೈಸ್ತ ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ತೆರೆದವರಿಗೆ ಮೊದಲು ಎದುರಾಗುವುದು ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳು. ಆರಂಭಕಾಲದ ಧರ್ಮಪ್ರಚಾರಕನಾದ ಪೌಲನ ಪತ್ರಗಳು ಬರುವುದು ಅವುಗಳ ನಂತರ. ರಚನೆಯ ಕಾಲವನ್ನು ನೋಡಿದರೆ ಈ ಕ್ರಮ ತಿರುವುಮುರುವಾಗುತ್ತದೆ. ಪೌಲನೇ ಬರೆದನೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವ ಏಳು ಪತ್ರಗಳು ಕ್ರಿ.ಶ. 50ರ ದಶಕದ ಆಸುಪಾಸಿನವು. ಮಾರ್ಕನ ಸುವಾರ್ತೆಯನ್ನು ಸಾಮಾನ್ಯವಾಗಿ 70ರ ಸುಮಾರಿಗೆ ಇಡುತ್ತಾರೆ. ಮತ್ತಾಯ ಮತ್ತು ಲೂಕನ ಸುವಾರ್ತೆಗಳು ಮಾರ್ಕನದನ್ನು ಆಧಾರವಾಗಿಟ್ಟುಕೊಂಡು ಅದರ ನಂತರ ರಚನೆಯಾದವೆಂಬುದು ಹೆಚ್ಚಿನವರ ಅಭಿಪ್ರಾಯ. ಆದ್ದರಿಂದ ಈ ಧರ್ಮದ ಮೊದಲ ದಶಕಗಳನ್ನು ಅರಿಯಬಯಸುವ ವಿದ್ಯಾರ್ಥಿಯು ಪತ್ರಗಳನ್ನೇ ಮೊದಲು ಓದಬೇಕು.

ಈ ಕಾಲನಿರ್ಣಯಕ್ಕೆ ಗ್ರೀಸಿನ ಡೆಲ್ಫಿಯಲ್ಲಿ ತುಂಡುತುಂಡಾಗಿ ದೊರೆತ ಶಾಸನವೊಂದು ದೊಡ್ಡ ಆಧಾರ. ರೋಮನ್ ಚಕ್ರವರ್ತಿ ಕ್ಲಾಡಿಯಸನ ಪತ್ರವನ್ನು ಕೆತ್ತಿರುವ ಆ ಶಾಸನವು ಗ್ರೀಸಿನ ಅಖಾಯ ಪ್ರಾಂತದ ಅಧಿಪತಿ ಗಲ್ಲಿಯೋನನ್ನು ಹೆಸರಿಸುತ್ತದೆ. ಚಕ್ರವರ್ತಿಯ ಬಿರುದುಗಳ ಲೆಕ್ಕದಿಂದ ಗಲ್ಲಿಯೋನ ಅಧಿಕಾರಾವಧಿಯು ಸುಮಾರು 51–52 ಎಂದು ತಿಳಿಯುತ್ತದೆ. ಕೊರಿಂಥದಲ್ಲಿ ಪೌಲನನ್ನು ಇದೇ ಗಲ್ಲಿಯೋನ ನ್ಯಾಯಪೀಠದ ಮುಂದೆ ನಿಲ್ಲಿಸಿದರೆಂದು ಹೊಸ ಒಡಂಬಡಿಕೆಯದೇ ಪುಸ್ತಕವಾದ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯ ಹೇಳುತ್ತದೆ. ಅಲ್ಲಿಂದ ಹಿಂದಕ್ಕೆ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತನ್ನ ಯೆರೂಸಲೇಮ್ ಭೇಟಿಗಳ ಬಗೆಗೆ ಪೌಲನೇ ಕೊಡುವ ಮೂರು ವರ್ಷ, ಹದಿನಾಲ್ಕು ವರ್ಷಗಳ ಲೆಕ್ಕವನ್ನು ಎಣಿಸಿಕೊಂಡು ಹೋದರೆ, ಅವನು ಯೇಸುವಿನ ಅನುಯಾಯಿಯಾದದ್ದು 30ರ ದಶಕದಲ್ಲಿ, ಅಂದರೆ ಶಿಲುಬೆಯ ಘಟನೆಯಾದ ಕೆಲವೇ ವರ್ಷಗಳಲ್ಲಿ ಎಂದಾಗುತ್ತದೆ.

ಗಲಾತ್ಯ ಪತ್ರದ ಮೊದಲೆರಡು ಅಧ್ಯಾಯಗಳನ್ನು ನಿಧಾನವಾಗಿ ಓದಬೇಕು. ತನ್ನ ಸುವಾರ್ತೆ, ಅಂದರೆ ತಾನು ಸಾರುವ ಸಂದೇಶ, ಮನುಷ್ಯರಿಂದ ಬಂದದ್ದಲ್ಲವೆಂದು ಸಾಧಿಸಲು ಹೊರಟ ಪೌಲನು, ಯೆರೂಸಲೇಮಿನಲ್ಲಿದ್ದ ಯೇಸುವಿನ ಅನುಯಾಯಿಗಳ ಮುಖಂಡರೊಡನೆ ತನಗಿದ್ದ ಸಂಪರ್ಕವನ್ನು ಆದಷ್ಟು ಕಡಿಮೆ ಮಾಡಿ ತೋರಿಸುತ್ತಾನೆ. ಹಾಗಿದ್ದೂ ಕೇಫನ, ಅಂದರೆ ಪೇತ್ರನ, ಬಳಿ ಹದಿನೈದು ದಿನ ಇದ್ದೆನೆಂದೂ ಕರ್ತನ, ಅಂದರೆ ಯೇಸುವಿನ, ಸಹೋದರನಾದ ಯಾಕೋಬನನ್ನು ಕಂಡೆನೆಂದೂ ಒಪ್ಪಿಕೊಂಡು, ತಾನು ಬರೆದದ್ದು ಸುಳ್ಳಲ್ಲವೆಂದು ದೇವರ ಮೇಲೆ ಆಣೆಯಿಡುತ್ತಾನೆ. ತನ್ನ ವಾದಕ್ಕೇ ತೊಡಕಾಗುವ ಸಂಗತಿಯನ್ನು ಯಾರೂ ಸುಮ್ಮನೆ ಕಟ್ಟಿ ಹೇಳುವುದಿಲ್ಲ. ಇತಿಹಾಸಕಾರರು ಈ ಭೇಟಿಯನ್ನು ನಂಬುವುದಕ್ಕೆ ಅದೂ ಒಂದು ಕಾರಣ. ಯೇಸುವಿನ ಒಡನಾಡಿಯನ್ನೂ ಸಹೋದರನನ್ನೂ ಮುಖತಃ ಕಂಡವನ ಮಾತು ನಮಗೆ ಇಲ್ಲಿ ನೇರವಾಗಿ ಸಿಗುತ್ತದೆ, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಬೇರೊಂದಿಲ್ಲ.

ಎರಡನೆಯ ಅಧ್ಯಾಯದಲ್ಲಿ ಜಗಳ ಬಯಲಿಗೆ ಬರುತ್ತದೆ. ಸಿರಿಯದ ಅಂತಿಯೋಕ್ಯದಲ್ಲಿ ಅನ್ಯಜನರೊಡನೆ, ಅಂದರೆ ಯೆಹೂದ್ಯರಲ್ಲದವರೊಡನೆ, ಊಟ ಮಾಡುತ್ತಿದ್ದ ಪೇತ್ರನು ಯಾಕೋಬನ ಕಡೆಯವರು ಬಂದ ಮೇಲೆ ಹಿಂದೆ ಸರಿದನು. ಪೌಲನು ಅವನನ್ನು ಎಲ್ಲರೆದುರಿಗೆ ಖಂಡಿಸಿದನು. ಅನ್ಯಜನರಿಗೆ ಸುನ್ನತಿ ಬೇಕೇ, ಮೋಶೆಯ ನಿಯಮದ ಆಹಾರಕಟ್ಟಳೆ ಬೇಕೇ ಎಂಬ ಈ ವಾದದಲ್ಲಿ ಎರಡು ಪಕ್ಷದ ಮುಂದಾಳುಗಳೂ ಯೆಹೂದ್ಯರೇ ಆಗಿದ್ದರೆಂಬುದನ್ನು ಮರೆಯಬಾರದು. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯವು ಇದೇ ವಿಷಯಕ್ಕಾಗಿ ಯೆರೂಸಲೇಮಿನಲ್ಲಿ ಸೇರಿದ ಮುಖಂಡರ ಸಭೆಯನ್ನು ಸೌಹಾರ್ದದ ನಿರ್ಣಯವಾಗಿ ಚಿತ್ರಿಸುತ್ತದೆ ಮತ್ತು ಆಹಾರದ ಬಗೆಗೆ ಕೆಲವು ನಿಬಂಧನೆಗಳನ್ನೂ ಹೇಳುತ್ತದೆ; ಪೌಲನ ಪ್ರಕಾರವಾದರೋ ಬಡವರನ್ನು ನೆನೆಯಬೇಕೆಂಬುದರ ಹೊರತು ಬೇರೆ ಕೋರಿಕೆ ಇರಲಿಲ್ಲ. ಪೌಲನೂ ಒಂದು ಪಕ್ಷದವನೇ ಆದ್ದರಿಂದ ಅವನ ಮಾತನ್ನೂ ತೂಗಿ ನೋಡಬೇಕು, ಆದರೆ ಸಭೆಯಲ್ಲಿ ಸ್ವತಃ ಇದ್ದವನ ಬರಹಕ್ಕೆ ಮೊದಲ ಸ್ಥಾನ ಸಲ್ಲುತ್ತದೆ.

ಯಾಕೋಬನನ್ನು 62ರಲ್ಲಿ ಮಹಾಯಾಜಕ ಅನಾನಸನು ಕಲ್ಲೆಸೆದು ಕೊಲ್ಲಿಸಿದನೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸನ ಬರಹದಿಂದ ತಿಳಿಯುತ್ತದೆ. 70ರಲ್ಲಿ ರೋಮನ್ ಸೈನ್ಯವು ಯೆರೂಸಲೇಮಿನ ದೇವಾಲಯವನ್ನು ಸುಟ್ಟಿತು. ಅದೇ ಹೊತ್ತಿನದೆನ್ನಲಾದ ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ, ಯೆಹೂದ್ಯರು ಊಟಕ್ಕೆ ಮುಂಚೆ ಕೈತೊಳೆಯುವ ಸಂಪ್ರದಾಯವನ್ನು ಲೇಖಕನು ಕಥೆಯನ್ನು ನಿಲ್ಲಿಸಿ ವಿವರಿಸುತ್ತಾನೆ. ಅಂಥ ವಿವರಣೆ ಬೇಕಾಗಿದ್ದ ಅನ್ಯಜನ ಓದುಗರು ಆ ವೇಳೆಗಾಗಲೇ ಅವನ ಮುಂದಿದ್ದರು.